ಹೊರಗೆ ಕೂರಲು ಹೇಳಿದ ಸುಳ್ಳು

ಶ್ರಾವಣ ಹತ್ತಿರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ಪಂಚಮಿಯ ಉಂಡಿಗೆ ಶೇಂಗಾ ಹುರಿಯುವ, ಎಳ್ಳು ಕೇರುವ ಮಾತಿನಲ್ಲಿದ್ದರೆ ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತಿದ್ದೆ. ಪಂಚಮಿಗೆ ಎಷ್ಟು ದಿನ, ಗಣಪತಿಗೆ ಎಷ್ಟು, ದಸರೆಯ ಘಟ ಕೂರಿಸುವುದಕ್ಕೆ ಎಷ್ಟು, ದೀಪಾವಳಿಗೆ ಎಷ್ಟು, ಇವುಗಳಲ್ಲಿ ಯಾವುದರ ಮೇಲೆ ನನ್ನ ತಿಂಗಳು ಬಂದು ಬೀಳುತ್ತದೆ ಎಂಬುದೇ ನನ್ನ ಲೆಕ್ಕ. ಹಬ್ಬ ಯಾವತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ನನ್ನದು ಯಾವತ್ತು ಎಂಬುದು ನನಗೇ ಗೊತ್ತಿರುತ್ತಿರಲಿಲ್ಲ. ಒಂದು ತಿಂಗಳು ಇಪ್ಪತ್ನಾಲ್ಕು ದಿನಕ್ಕೆ, ಇನ್ನೊಂದು ತಿಂಗಳು ಮೂವತ್ತಕ್ಕೆ, ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು.

ನಾನು ಬೀಳಗಿಯ ಮಗಳು, ಬನಹಟ್ಟಿಯ ಸೊಸೆ. ನಾನು ಹೇಳುತ್ತಿರುವುದು ಜಮಖಂಡಿ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದ ಮೇಲಿನ ವರ್ಷಗಳ ಮಾತು. ಗಂಡನ ಮನೆ ನೇಕಾರರ ಮನೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಒಂದರಲ್ಲಿ ನನ್ನ ಗಂಡ, ಇನ್ನೊಂದರಲ್ಲಿ ಕೂಲಿಯವನೊಬ್ಬ. ಮಾವ ತೀರಿಹೋಗಿದ್ದರು. ಮನೆ ನಡೆಸುತ್ತಿದ್ದವಳು ಅತ್ತೆ. ಅಡುಗೆ, ನೀರು, ಬೀಸುವುದು ಎಲ್ಲ ಮುಗಿಸಿ ನಾನು ರಾಟೆ ಹಿಡಿದು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಬೇಕು. ಹಬ್ಬದ ದಿನಗಳಲ್ಲಿ ಸೀರೆಗೆ ಬೇಡಿಕೆ ಹೆಚ್ಚು, ಮಗ್ಗ ಹಗಲೆಲ್ಲ ಬಡಿಯುತ್ತಿತ್ತು. ಅತ್ತ ಮಗ್ಗದ ಕೆಲಸವೂ ಹೆಚ್ಚು, ಇತ್ತ ಒಲೆಯ ಕೆಲಸವೂ ಹೆಚ್ಚು. ನಮ್ಮ ಓಣಿಯಲ್ಲಿ ಹಬ್ಬವೆಂದರೆ ಹೆಂಗಸರ ಸೊಂಟ ಮುರಿಯುವ ಕಾಲ.

ನನಗಿದ್ದ ರೋಗಕ್ಕೆ ಈಗ ಒಂದು ಹೆಸರಿದೆ. ನರ್ಸ್ ಆಗಿರುವ ನಮ್ಮ ಸಂಬಂಧದ ಹುಡುಗಿಯೊಬ್ಬಳು ಮೊನ್ನೆ ಮೊನ್ನೆ ಹೇಳಿದಳು, ಎಂಡೋಮೆಟ್ರಿಯೋಸಿಸ್ ಎಂದು. ಅದನ್ನು ತಪ್ಪಿಲ್ಲದೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಗರ್ಭಕೋಶದ ಒಳಗೆ ಇರಬೇಕಾದ ಪದರ ಹೊರಗೂ ಬೆಳೆದುಕೊಂಡು, ತಿಂಗಳು ತಿಂಗಳು ಅಲ್ಲೆಲ್ಲ ಉರಿಯುತ್ತದಂತೆ. ಆಗ ಅದು ಬರೀ ‘ಹೊಟ್ಟಿ ಬ್ಯಾನಿ’. ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರಲ್ಲ, ಒಳಗೆ ಹಾಗೆ ಹಿಂಡುತ್ತಿತ್ತು. ಮುಟ್ಟು ಬರುವ ಮೊದಲೇ ಶುರುವಾಗುತ್ತಿತ್ತು. ಸೊಂಟದಿಂದ ತೊಡೆಗೆ ಇಳಿಯುತ್ತಿತ್ತು. ಬೀಸುಕಲ್ಲಿನ ಮುಂದೆ ಕೂತರೆ ಕಣ್ಣಿಗೆ ಕತ್ತಲೆ. ಹೇಳಿದರೆ ಯಾರು ಕೇಳಬೇಕು? “ಎಲ್ಲಾರಿಗೂ ಇರೂದ ಅಲ್ಲೇನ ಬೇ, ನಿನಗೇನ ಹೊಸಾದಾ?” ಎಂಬ ಒಂದೇ ಉತ್ತರ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಹಡೆಯದವಳ ಹೊಟ್ಟೆನೋವಿಗೆ ಬೆಲೆ ಇನ್ನೂ ಕಡಿಮೆ.

ಮುಟ್ಟಾದವಳು ನಮ್ಮ ಮನೆಯಲ್ಲಿ ಹೊರಗೆ ಕೂರಬೇಕು. ಹಿತ್ತಲಲ್ಲಿ ಎಮ್ಮೆಯ ಕೊಟ್ಟಿಗೆಗೆ ಒತ್ತಿ ಒಂದು ಗೂಡು ಇತ್ತು. ತಟ್ಟಿಯ ಗೋಡೆ, ಮೇಲೆ ಕಬ್ಬಿನ ಒಣ ಗರಿಯ ಹೊದಿಕೆ, ಒಳಗೆ ಒಂದು ಚಾಪೆ, ಒಂದು ಕಂಬಳಿ, ಒಂದು ತಾಟು, ಒಂದು ತಂಬಿಗೆ. ಮೂರು ದಿನ ಅಲ್ಲಿ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಅಡುಗೆಮನೆಗಿಂತ ಮಗ್ಗದ ಕಟ್ಟಳೆ ಬಿಗಿ. ಹೊರಗಾದವಳು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ನೂಲನ್ನು ಮುಟ್ಟಿದರೆ ಎಳೆ ಎಳೆಯೂ ಹರಿಯುತ್ತದೆ ಎಂದು ನಂಬಿಕೆ. ಆ ಗೂಡನ್ನು ಕಂಡರೆ ಎಲ್ಲರಿಗೂ ಹೇಸಿಕೆ. ಸೊಳ್ಳೆ, ಗಂಜಲದ ವಾಸನೆ, ಮೇಲಿಂದ ಎತ್ತಿ ಹಾಕುವ ರೊಟ್ಟಿ. ನನಗೆ ಮಾತ್ರ ಅದು ಬೇಕಾಗಿತ್ತು. ಇಡೀ ಮನೆಯಲ್ಲಿ ಹಗಲು ಹೊತ್ತು ನಾನು ಮಲಗಿದರೆ ಯಾರೂ ಬಯ್ಯದ ಜಾಗ ಅದೊಂದೇ.

ಹಾಗಾಗಿ ಸುಳ್ಳು ಹೇಳಲು ಕಲಿತೆ. ನೋವು ತಡೆಯಲಾಗದಷ್ಟಾದಾಗ, ಇನ್ನೂ ಏನೂ ಆಗಿರದಿದ್ದರೂ, “ಅತ್ತೀ, ನಾ ಹೊರಗಾದ್ನಿರಿ” ಎಂದು ಹಿತ್ತಲಿಗೆ ನಡೆದುಬಿಡುತ್ತಿದ್ದೆ. ಒಂದೋ ಎರಡೋ ದಿನದಲ್ಲಿ ಖರೆಯೂ ಆಗುತ್ತಿತ್ತು. ನಾಲ್ಕನೆಯ ದಿನ “ಇನ್ನೂ ನಿಂತಿಲ್ಲರಿ” ಎಂದು ಇನ್ನೆರಡು ದಿನ ಉಳಿಯುತ್ತಿದ್ದೆ. ಅತ್ತೆ ಗೊಣಗುತ್ತಿದ್ದಳು, ಅಷ್ಟೆ. ಮೂರು ವರ್ಷ ಹೀಗೆ ನಡೆಯಿತು. ಪಾಪ ಎನಿಸುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಂಬಳಿಯ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದಾಗ ಆ ಪಾಪದ ನೆನಪೂ ಬರುತ್ತಿರಲಿಲ್ಲ.

ಆ ವರ್ಷದ ದೀಪಾವಳಿಗೆ ಮುಧೋಳದಿಂದ ನಾದಿನಿ ಮೂರು ಮಕ್ಕಳೊಂದಿಗೆ ಬಂದಳು. ಬಂದ ಮರುದಿನವೇ, ನಾನು ನೀರಿಗೆ ಹೋಗಿದ್ದೇನೆಂದು ತಿಳಿದು, ಅತ್ತೆಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

“ಯವ್ವಾ, ಏಳು ವರ್ಷ ಆತು. ತಿಂಗಳದಾಗ ಎಂಟು ದಿನ ಹಿತ್ತಲದಾಗ ಬಿದ್ದಿರತಾಳ. ಗೌರಿ ಹುಣ್ಣಿವಿಗೆ ತವರಿಗೆ ಕಳಸು. ತಿರುಗಿ ಕರ್ಯಾಕ ಯಾರನ್ನೂ ಕಳಸಬ್ಯಾಡ.”

“ಮೊದಲ ಹಬ್ಬಾ ಮುಗೀಲಿ” ಎಂದಳು ಅತ್ತೆ. ಹೌದೆನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ನಾನು ಸದ್ದಾಗುವಂತೆ ಕೊಡವನ್ನು ಹೊಸ್ತಿಲ ಮೇಲೆ ಇಳಿಸಿದೆ.

ಗಂಡ ಕೆಟ್ಟವನಲ್ಲ. ಮಾತು ಕಡಿಮೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಲೋಕವೇ ಬೇಡ. ದಸರೆಯ ಹೊತ್ತಿಗೆ ಒಂದು ದಿನ ನಾನು ಬಾಗಿಲ ಚೌಕಟ್ಟು ಹಿಡಿದು ಕುಸಿದದ್ದನ್ನು ನೋಡಿ, “ದೀಪಾವಳಿ ಸೀರಿ ಮುಗೀಲಿ, ಮಿರಜಿಗೆ ಕರಕೊಂಡ ಹೊಕ್ಕೇನಿ. ಅಲ್ಲಿ ಹೆಣ್ಣ ಡಾಕ್ಟರ ಅದಾರಂತ” ಎಂದಿದ್ದ. ಅದೊಂದೇ ಮಾತನ್ನು ಹಿಡಿದುಕೊಂಡು ನಾನು ಇಪ್ಪತ್ತು ದಿನ ದೂಡಿದ್ದೆ. ಈಗ ದೀಪಾವಳಿಯಾಗಿ ಹದಿನೈದು ದಿನಕ್ಕೆ ಬರುವ ಆ ಹುಣ್ಣಿಮೆಯೊಳಗೆ ಮಿರಜೋ ಬೀಳಗಿಯೋ ಎರಡರಲ್ಲೊಂದು. ಬೀಳಗಿಗೆ ಹೋದರೆ ಅಣ್ಣನ ಮನೆಯ ಮೂಲೆ, ಅತ್ತಿಗೆಯ ಕಣ್ಣು, ಜೀವಮಾನವಿಡೀ ಅದೇ ನೋವು. ದೀಪಾವಳಿ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ದುಡಿದು ಛಲೋ ಸೊಸೆ ಎನ್ನಿಸಿಕೊಂಡರೆ ಬದುಕಿದೆ ಎಂದುಕೊಂಡೆ.

ಅತ್ತೆಗೆ ಬೇರೆಯೇ ಚಿಂತೆ. ಅಮಾವಾಸ್ಯೆಯ ದಿನ ಲಕ್ಷ್ಮಿಪೂಜೆ, ಮಗ್ಗದ ಪೂಜೆ. ಮಗ್ಗಕ್ಕೆ ಆರತಿ ಎತ್ತಬೇಕಾದವಳು ಮನೆಯ ಮುತ್ತೈದೆ ಸೊಸೆ, ಅಂದರೆ ನಾನೊಬ್ಬಳೇ. ಅವತ್ತೇ ನಾನು ಹೊರಗಾದರೆ? ಹಬ್ಬಕ್ಕೆ ಹತ್ತು ದಿನ ಇರುವಾಗಲೇ ದಿನಾ ಬೆಳಿಗ್ಗೆ ಎಳ್ಳು ಬೆಲ್ಲ ಕುಟ್ಟಿ ಮುಷ್ಟಿಯಷ್ಟು ನನ್ನ ಕೈಗೆ ಕೊಡತೊಡಗಿದಳು. “ತಿನ್ನು. ಕಾವ ಹೆಚ್ಚಾಗಿ ಲಗೂನ ಬಂದ ಹೋಗಲಿ. ಹಬ್ಬಕ್ಕ ಮೈ ಹಗರ ಇರತೈತಿ.” ಓಣಿಯ ಎಲ್ಲ ಮನೆಗಳಲ್ಲೂ ಹಬ್ಬದ ಮುಂಚೆ ಸೊಸೆಯರಿಗೆ ಇದೇ ಉಪಚಾರ. ನಾನು ತಿಂದೆ. ಬಂದದ್ದು ಮುಟ್ಟಲ್ಲ, ನೋವು.

ಅಮಾವಾಸ್ಯೆಗೆ ಐದು ದಿನ ಇತ್ತು. ನಾದಿನಿಯ ಮಕ್ಕಳಿಗೆ ಚಕ್ಕುಲಿ ಒತ್ತುತ್ತಿದ್ದೆ. ಒತ್ತುಮಣೆಯ ಮೇಲೆ ಭಾರ ಹಾಕಿದಾಗ ಹೊಟ್ಟೆಯೊಳಗೆ ಏನೋ ಹರಿದಂತಾಯಿತು. ಎಣ್ಣೆ ಒಲೆಯ ಮೇಲೆ ಕಾಯುತ್ತಲೇ ಇತ್ತು, ನಾನು ಎದ್ದು ನಿಂತು ಹೇಳಿಬಿಟ್ಟೆ: “ನಾ ಹೊರಗಾದ್ನಿರಿ.”

ಅತ್ತೆಯ ಮುಖ ಅರಳಿತು. “ಛಲೋ ಆತು ನೋಡ. ಎಳ್ಳ ಕೆಲಸ ಮಾಡತು!” ಎಂದು ತಾನೇ ಒಲೆಯ ಮುಂದೆ ಕೂತಳು. ಇವತ್ತೋ ನಾಳೆಯೋ ಖರೆ ಆಗಿಯೇ ಆಗುತ್ತದೆ, ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ನಾನು ಗೂಡಿನಲ್ಲಿ ಮಲಗಿ ಕಾದೆ. ಮರುದಿನ ಆಗಲಿಲ್ಲ. ಅದರ ಮರುದಿನವೂ ಇಲ್ಲ. ನೋವು ಮಾತ್ರ ಕೂತಲ್ಲಿಯೇ ಕೂತಿತ್ತು. ಒಳಗೆ ಹೂರಣ ಅರೆಯುವ ಸದ್ದು, ಮಕ್ಕಳ ಗದ್ದಲ, ಮಗ್ಗದ ಬಡಿತ. ನಾನು ಎದ್ದು ಕೂರುತ್ತಿದ್ದೆ, ಮತ್ತೆ ಮಲಗುತ್ತಿದ್ದೆ, ತಟ್ಟಿಯ ಸಂದಿನಲ್ಲಿ ಸೂರ್ಯ ಎಲ್ಲಿ ಬಂದನೆಂದು ನೋಡುತ್ತಿದ್ದೆ. ಬಾ, ಬಂದು ತೊಲಗು ಎಂದು ನನ್ನ ಮೈಗೇ ಬಯ್ಯುತ್ತಿದ್ದೆ. ಬರಬೇಡವೆಂದಾಗ ಬಂದು ಕುಣಿಯುವುದು, ಬಾ ಎಂದಾಗ ಮೊಂಡು ಹಿಡಿಯಿತು.

ನಾಲ್ಕನೆಯ ದಿನ “ಇನ್ನೂ ನಿಂತಿಲ್ಲ” ಎನ್ನುವಂತಿರಲಿಲ್ಲ. ಅತ್ತೆ ಬಿಸಿನೀರು ಕಾಯಿಸಿ ನಿಂತಿದ್ದಳು. ಮಿಂದೆ, ಒಳಗೆ ಬಂದೆ, ನೀರು ತುಂಬುವ ಹಬ್ಬದ ಹಂಡೆಗೆ ಸುಣ್ಣ ಬಳಿದೆ. ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಹೋಳಿಗೆ ತಟ್ಟಿದೆ. ನಡುಹಗಲ ಹೊತ್ತಿಗೆ, ಹೋಳಿಗೆಯ ಬುಟ್ಟಿ ಅರ್ಧ ತುಂಬಿದಾಗ, ಅದು ಬಂತು.

ಬಂದದ್ದು ಗೊತ್ತಾದ ಕೂಡಲೇ ಎದ್ದು ಹೇಳಬೇಕಿತ್ತು. ಹೇಳುವುದು ಹೇಗೆ? ಎರಡು ದಿನದ ಕೆಳಗೆ ಮಿಂದು ಶುದ್ಧವಾದವಳು ಇವತ್ತು ಮತ್ತೆ ಹೊರಗಾದೆನೆಂದರೆ ಮೊದಲಿನದು ಸುಳ್ಳೆಂದು ಹೇಳಿದಂತೆಯೇ. ಹಿಟ್ಟಿನ ಕೈ ಹಿಟ್ಟಿನಲ್ಲೇ ಇಟ್ಟುಕೊಂಡು ಒಂದು ಗಳಿಗೆ ಕೂತೆ. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಕಟ್ಟಿಕೊಂಡು ಬಂದು ಉಳಿದ ಹೋಳಿಗೆ ತಟ್ಟಿದೆ. ದೇವರ ಮನೆಗೆ ಹೋದೆ. ಬನಶಂಕರಿಯ ಮುಂದೆ ದೀಪ ಹಚ್ಚಿದೆ. ಕೈ ಸುಡುತ್ತದೆಯೇ ಎಂದು ನೋಡಿದೆ. ಸುಡಲಿಲ್ಲ.

ಸಂಜೆಗೆ ಮುನ್ನ ಮಗ್ಗದ ಪೂಜೆ. ಗಂಡ ಮಗ್ಗಕ್ಕೆ ಚೆಂಡುಹೂವು ಕಟ್ಟಿ, ಲಾಳಿಗೆ ಕುಂಕುಮ ಹಚ್ಚಿದ್ದ. ಮಗ್ಗದ ಮೇಲೆ ಮದುವೆ ಸೀರೆಗಳ ಹಾಸು ಬಿಗಿದಿತ್ತು, ಕರಿ ಕೆಂಪು ಎಳೆಗಳು ಕಣ್ಣಿಗೆ ಹೊಡೆಯುತ್ತಿದ್ದವು. ನಾನು ಹೊಸ ಸೀರೆ ಉಟ್ಟು ಆರತಿಯ ತಾಟು ಹಿಡಿದು ನಿಂತೆ. ಒಂದು ಸುತ್ತು ಎತ್ತಿದೆ. ಎರಡನೆಯ ಸುತ್ತಿಗೆ ನಡು ಹಿಡಿದುಕೊಂಡಿತು. ಮೂರನೆಯದಕ್ಕೆ ಕಾಲು ಸೋತು ಮುಂದಕ್ಕೆ ವಾಲಿದೆ. ಬೀಳುವವಳು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಹಾಸು. ದೀಪದ ಎಣ್ಣೆಯೆಲ್ಲ ನೂಲಿನ ಮೇಲೆ ಚೆಲ್ಲಿತು, ಹತ್ತಿಪ್ಪತ್ತು ಎಳೆ ನನ್ನ ಮುಷ್ಟಿಯಲ್ಲಿ ಕಡಿದು ಬಂದವು.

ಎಬ್ಬಿಸಲು ಬಂದ ನಾದಿನಿ ನನ್ನ ಸೀರೆಯ ಹಿಂಭಾಗ ನೋಡಿ ಚೀರಿದಳು. “ಯವ್ವಾ, ಇಲ್ಲಿ ನೋಡ! ಈಕಿ ಹೊರಗಾಗ್ಯಾಳ! ಹೊರಗಾಗಿ ಮಗ್ಗಾ ಮುಟ್ಯಾಳ!”

ಗಂಡ ಎಣ್ಣೆ ಬಿದ್ದ ಹಾಸನ್ನೇ ನೋಡುತ್ತಿದ್ದ. “ಮೊನ್ನೆರ ತಲಿಗೆ ನೀರ ಹಾಕ್ಕೊಂಡಿ. ಮತ್ತ ಹೆಂಗ ಆಗತೈತಿ?” ಎಂದ.

ನನಗೆ ಇನ್ನು ಸಾಕಾಗಿತ್ತು. “ಅದು ಸುಳ್ಳ ಇತ್ತರಿ” ಎಂದೆ. “ಆವಾಗ ಏನೂ ಆಗಿದ್ದಿಲ್ಲ. ಬ್ಯಾನಿ ತಾಳಲಾರದ ಸುಳ್ಳ ಹೇಳಿ ಮಲಗಿದ್ನಿ. ಈಗ ಆಗೇನಿ.”

ಅವನು ಕಡಿದು ನೇತಾಡುತ್ತಿದ್ದ ಎಳೆಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದ. ಸಿಟ್ಟಿನಿಂದ ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. “ಹೊರಗಾಗಿದ್ದು ಸುಳ್ಳಂದ್ರ ಬ್ಯಾನಿ ಖರೆ ಅಂತ ನಾ ಹೆಂಗ ನಂಬಲಿ? ಮಿರಜ ಏನೂ ಬ್ಯಾಡ. ಹುಣ್ಣಿವಿಗೆ ನಿಮ್ಮಣ್ಣ ಬಂದ ಕರಕೊಂಡ ಹೋಗಲಿ.”

ಅವತ್ತು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನಾನು ತಟ್ಟಿದ ಹೋಳಿಗೆಯೆಲ್ಲ ಎಮ್ಮೆಯ ಬಾಯಿಗೆ ಹೋಯಿತು. ಎಮ್ಮೆಗೆ ಅಂಥ ದೀಪಾವಳಿ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಗೋಡೆಯಾಚೆ ಅದು ಮೆಲ್ಲುವುದನ್ನು ಕೇಳುತ್ತ ನಾನು ಗೂಡಿನಲ್ಲಿ ಬಿದ್ದಿದ್ದೆ. ಒಳಗೆ ನೆಲ ಸಾರಿಸುವ, ಕೊಡ ಕೊಡ ನೀರು ಸುರಿಯುವ ಸದ್ದು. ನಾದಿನಿಯ ಬಾಯಿ ನಿಂತಿರಲಿಲ್ಲ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿ. ಎದ್ದು ಬೀಳಗಿಯವರೆಗೆ ನಡೆದೇ ಹೋಗಿಬಿಡಲೇ ಎಂದು ಎರಡು ಸಲ ಎದ್ದೆ. ಎರಡು ಸಲವೂ ನೋವು ಕೂರಿಸಿತು.

ಮರುದಿನ ಪಾಡ್ಯ. ಅಂಗಳದಲ್ಲಿ ಪೂಜೆಗೆ ಸೆಗಣಿಯ ಪಾಂಡವರ ಬೊಂಬೆ ಮಾಡಿ ಮುಗಿಸಿದ ಅತ್ತೆ ಕೈ ಕೂಡ ತೊಳೆಯದೆ ಹಿತ್ತಲಿಗೆ ಬಂದಳು. ಗೂಡಿನಿಂದ ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಯ್ಯಲು ಬಂದಿದ್ದಾಳೆಂದು ನಾನು ಗೋಡೆಯ ಕಡೆ ತಿರುಗಿದೆ.

“ಎಷ್ಟ ಸಲ?” ಎಂದಳು.

“ಏನ್ರಿ?”

“ಎಷ್ಟ ಸಲ ಹಿಂಗ ಸುಳ್ಳ ಹೇಳಿ ಬಂದ ಮಲಗೀದಿ?”

“ಲೆಕ್ಕಿಲ್ಲರಿ. ಮೂರ ವರ್ಷಾತು.”

“ಪಂಚಮಿಗೆ?”

“ಪಂಚಮಿಗೂ ಸುಳ್ಳರಿ. ಜೋಕಾಲಿ ಕಟ್ಟಿದ ದಿನ ನನಗೇನೂ ಆಗಿದ್ದಿಲ್ಲ.”

ಅವಳು ಕೈಯಲ್ಲಿನ ಒಣಗಿದ ಸೆಗಣಿ ಉದುರಿಸುತ್ತ ಕೂತಳು. ಆಮೇಲೆ, ನನಗೆ ಹೇಳಿದಂತೆಯೂ ಅಲ್ಲ, ತನಗೇ ಹೇಳಿಕೊಂಡಂತೆಯೂ ಅಲ್ಲ, ಹೇಳಿದಳು. “ಒಳಗ ಇರಾಕ ಸುಳ್ಳ ಹೇಳಿದವರನ್ನ ಬೇಕಾದಷ್ಟ ಮಂದಿ ಕಂಡೇನಿ. ಹಬ್ಬ ತಪ್ಪತೈತಿ ಅಂತ ಮುಚ್ಚಿಡತಾರ. ಈಗ ಒದರಾಕತ್ತಾಳಲ್ಲ ನನ್ನ ಮಗಳು, ಆಕಿನೂ ಹಂಗ ಮುಚ್ಚಿಟ್ಟ ಜೋಕಾಲಿ ಆಡ್ಯಾಳ, ನಾ ನೋಡೀನೂ ನೋಡಧಾಂಗ ಇದ್ನಿ. ಆದರ ಹೋಳಗಿ ಬಿಟ್ಟ, ಜೋಕಾಲಿ ಬಿಟ್ಟ, ಹೊಸಾ ಸೀರಿ ಬಿಟ್ಟ ಈ ಹೊಲಸಿನ್ಯಾಗ ಬಂದ ಬೀಳಾಕ ಯಾವಾಕಿ ಸುಳ್ಳ ಹೇಳತಾಳ ಬೇ? ಜೀವಾ ಹೋಗೂವಷ್ಟ ಬ್ಯಾನಿ ಇದ್ದಾಕಿನ ಹೇಳಬೇಕು.”

ನಾನು ಎದ್ದು ಕೂತೆ. ಏಳು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ನೋವನ್ನು ನೋವೆಂದರು, ಅದೂ ನಾನು ಸುಳ್ಳಿಯೆಂದು ಗೊತ್ತಾದ ಮೇಲೆ. ಅವಳು ಅಷ್ಟರಲ್ಲಿ ಎದ್ದು ಒಳಗೆ ನಡೆದಿದ್ದಳು. ಪಡಸಾಲೆಯಲ್ಲಿ ಅವಳ ದನಿ ಕೇಳಿಸಿತು.

“ಹುಣ್ಣಿವಿಗೆ ಬೀಳಗಿಗೆ ಯಾರೂ ಹೋಗೂದಿಲ್ಲ. ಮಿರಜಿಗೆ ನಾ ಕರಕೊಂಡ ಹೊಕ್ಕೇನಿ.”

“ಯವ್ವಾ, ಹಾಸ ಪೂರಾ ಹಾಳಾಗೇತಿ. ಕಂಡಕಿ ಸುತ್ತಾವರ ಯಾರು?” ಗಂಡನ ದನಿ.

“ನಿನ್ನ ತಂಗಿ ಬಂದಾಳಲ್ಲ, ಬಾಯಿ ಆಡಸ್ಕೋತ ಕೈನೂ ಆಡಸಲಿ.”

ನಾದಿನಿಯ ಬಾಯಿ ಅಲ್ಲಿಗೆ ನಿಂತಿತು. ಹೊಟ್ಟೆ ನೋಯುತ್ತಿದ್ದರೂ ನನಗೆ ನಗು ಬಂತು.

ನಾನು ಮಿಂದ ಮರುದಿನ ಹೊರಟೆವು. ಗಂಡ ತೇರದಾಳದ ಮೇಲೆ ಕುಡಚಿ ಸ್ಟೇಶನ್ನಿನವರೆಗೆ ಗಾಡಿ ಹೊಡೆದುಕೊಂಡು ಬಂದ. ಗಾಡಿ ಕುಲುಕಿದಾಗ ನನ್ನ ಬಾಯಿಂದ ನರಳಿಕೆ ಬಂದರೆ ಎತ್ತುಗಳನ್ನು ನಿಧಾನ ಮಾಡುತ್ತಿದ್ದ. ರೈಲು ಬಂದಾಗ ಕಿಟಕಿಯಿಂದ ರೊಟ್ಟಿಗಂಟು ಕೊಟ್ಟು, “ಖರೇನ ಹೇಳು ಅವರ ಮುಂದ, ಎಲ್ಲಾ ಹೇಳು” ಎಂದ. ಅತ್ತೆ ಅಲ್ಲಿಯವರೆಗೆ ರೈಲು ಹತ್ತಿದವಳಲ್ಲ. ಕೃಷ್ಣೆಯ ಸೇತುವೆಯ ಮೇಲೆ ರೈಲು ಗಡಗಡ ಎಂದಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಂದು ತಿಂಗಳ ಮೇಲೆ ಅಲ್ಲಿ ನನ್ನ ಹೊಟ್ಟೆ ಕೊಯ್ದು, ಕಪ್ಪು ರಕ್ತ ತುಂಬಿದ ಒಂದು ಗಡ್ಡೆ ತೆಗೆದರು. ಎರಡು ವರ್ಷ ಹಗುರಾಗಿದ್ದೆ. ಆಮೇಲೆ ಮತ್ತೆ ಬಂತು, ಮುಟ್ಟು ನಿಲ್ಲುವವರೆಗೂ ಬರುತ್ತಲೇ ಇತ್ತು. ಮಕ್ಕಳಾಗಲಿಲ್ಲ. ಬೀಳಗಿಗೆ ಯಾರೂ ನನ್ನನ್ನು ಕಳಿಸಲಿಲ್ಲ. ಹಬ್ಬದ ದಿನ ನಾನು ಮಲಗಿದರೆ ಅತ್ತೆ ಬಂದವರಿಗೆಲ್ಲ “ಆಕಿಗೆ ಆರಾಮಿಲ್ಲ” ಎಂದು ತಾನೇ ಹೇಳುತ್ತಿದ್ದಳು, ಸುಳ್ಳಿನ ಕೆಲಸ ನನಗೆ ಉಳಿಯಲಿಲ್ಲ.

ಆದರೆ ಆ ಮೊದಲ ದಿನ ಡಾಕ್ಟರಮ್ಮನ ಕೋಣೆಯಲ್ಲಿ ಆದದ್ದು ಇವತ್ತಿಗೂ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಡಾಕ್ಟರಮ್ಮ ಮರಾಠಿ ಬೆರೆಸಿದ ಕನ್ನಡದಲ್ಲಿ ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದರು. ಮುಟ್ಟಿಗೆ ಎಷ್ಟು ದಿನ ಮೊದಲು ನೋವು ಶುರುವಾಗುತ್ತದೆ ಎಂದು ಕೇಳಿದರು.

“ಎರಡ ದಿನರಿ” ಎಂದೆ.

“ಎರಡಲ್ಲರಿ, ನಾಕು.” ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಹೇಳಿದಳು. “ಎರಡ ದಿನ ಹಲ್ಲ ಕಚ್ಚಿ ಬೀಸತಾಳ, ಕಂಡಕಿ ಸುತ್ತತಾಳ. ಬೆವರ ಇಳೀತಿರತೈತಿ. ಆಮ್ಯಾಲ ಆಗೂದಿಲ್ಲ ಅಂತ ಹಿತ್ತಲಕ್ಕ ಹೊಕ್ಕಾಳ.”

ನಾನು ಹಿಂದೆ ತಿರುಗಿ ಅವಳನ್ನು ನೋಡಿದೆ. ಅಂದರೆ ಕಂಡಿದ್ದಳು. ನನ್ನ ಬೆವರು, ನನ್ನ ಹಲ್ಲು, ಎಲ್ಲ ಕಂಡಿದ್ದಳು. ಕಂಡೂ ಏಳು ವರ್ಷ ಬೀಸುಕಲ್ಲಿನ ಮುಂದೆ ಕೂರಿಸಿದ್ದಳು. ಡಾಕ್ಟರಮ್ಮ ಇದ್ದಾರೆಂಬುದನ್ನೂ ಮರೆತು ನನ್ನ ಬಾಯಿಂದ ಬಂದುಬಿಟ್ಟಿತು: “ಅತ್ತೀ, ಇಷ್ಟೆಲ್ಲಾ ಕಂಡಿದ್ರಿ ಅಂದ್ರ ಯಾಕ ಸುಮ್ಮನಿದ್ರಿ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು.

“ಎಲ್ಲಾರಿಗೂ ಹಿಂಗ ಇರತೈತಿ ಅಂತ ತಿಳಕೊಂಡಿದ್ನಿ ಯವ್ವಾ. ನನಗೂ ಹಿಂಗ ಇತ್ತು. ಸುಳ್ಳ ಹೇಳಿ ಹೊರಗ ಹೋಗಿ ಮಲಗಬೇಕಂತ ನನಗ ಹೊಳೀಲಿಲ್ಲ ನೋಡ.”